ಅಂಚು ಸವರಿದ ಗುಂಡುಗಳು

ಎರಕದ ಸೀಸದ ಗುಂಡು ನಿಧಾನವಾಗಿ ಹೋಗುವಾಗ ಹೇಳಿದ ಮಾತು ಕೇಳುತ್ತದೆ. ವೇಗ ಏರಿಸಿದ ಕೂಡಲೇ ತಲೆ ಕೆಟ್ಟು ಎಲ್ಲೆಂದರಲ್ಲಿ ಹೋಗುತ್ತದೆ. ನಮ್ಮ ರೈಫಲ್ ಕ್ಲಬ್ಬಿನ ದೊಡ್ಡ ರೈಫಲ್‌ಗಳು ಉಳಿಯಬೇಕಾದರೆ ಗುಂಡಿನ ಈ ಚಟ ಬಿಡಿಸಬೇಕಿತ್ತು. ಬಿಡಿಸಲು ಹೊರಟವರು ಇಬ್ಬರು: ನಾನು, ಮತ್ತು ಪೀಣ್ಯದಲ್ಲಿ ಅಚ್ಚು, ಬಿಡಿಭಾಗ ಮಾಡುವ ಟೂಲ್‌ರೂಮ್ ಇಟ್ಟುಕೊಂಡಿರುವ ನನ್ನ ಗೆಳೆಯರೊಬ್ಬರು.

ನಾನು ಸರ್ಕಾರಿ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತಳಾದವಳು. ಮೈಕ್ರೋಮೀಟರ್ ಹಿಡಿದು ಇನ್ನೊಬ್ಬರ ಕೆಲಸದಲ್ಲಿ ತಪ್ಪು ಹುಡುಕುವುದೇ ನನ್ನ ಅನ್ನವಾಗಿತ್ತು. ಮನೆಯಲ್ಲೂ ಆ ಬುದ್ಧಿ ಬಿಟ್ಟಿಲ್ಲ ಎಂದು ಸೊಸೆ ಹೇಳುತ್ತಾಳೆ, ಹೇಳಲಿ. ದೊಡ್ಡನೆಕ್ಕುಂದಿಯ ನಮ್ಮ ಮನೆಯ ಸುತ್ತ ಈಗ ಬರೀ ಪೀಜಿಗಳು. ಗಾಡಿ ನಿಲ್ಲಿಸಲು ಜಾಗ ಕೇಳುವುದಕ್ಕೆ ಬಿಟ್ಟರೆ ನನ್ನನ್ನು ಯಾರೂ ಮಾತಾಡಿಸುವುದಿಲ್ಲ. ಭಾನುವಾರ ಬೆಳಿಗ್ಗೆ ಕ್ಲಬ್ಬಿನ ಶೂಟಿಂಗ್ ರೇಂಜಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ರೈಫಲ್‌ನ ಮರಕ್ಕೆ ಕೆನ್ನೆ ತಾಗಿಸಿದಾಗ ಮಾತ್ರ ನಾನಿನ್ನೂ ಕೆಲಸಕ್ಕೆ ಬರುವವಳು ಅನ್ನಿಸುತ್ತಿತ್ತು. ಅದೊಂದು ಹೋಗಬಾರದು ಎಂಬುದೇ ನನ್ನ ಸ್ವಾರ್ಥ.

ಆ ಹಳೆಯ ರೈಫಲ್‌ಗಳಿಗೆ ಕಂಪನಿ ಗುಂಡು ಬರುವುದು ನಿಂತುಹೋಗಿತ್ತು. ನಾವೇ ಎರಕ ಹೊಯ್ದುಕೊಳ್ಳಲು ಕ್ಲಬ್ಬಿಗೆ ಅನುಮತಿ ಇತ್ತು. ಆದರೆ ಕಮಿಟಿ ಒಂದು ಷರತ್ತು ಹಾಕಿತು. ನಮ್ಮ ಗುಂಡುಗಳು ಪೂರ್ತಿ ವೇಗದಲ್ಲಿ ಹೋಗಿ, ರೇಂಜಿನ ಆ ತುದಿಯಲ್ಲಿ ಊಟದ ತಟ್ಟೆಯಷ್ಟು ಜಾಗದೊಳಗೆ ಬೀಳಬೇಕು. ಇಲ್ಲವಾದರೆ ದೊಡ್ಡ ರೈಫಲ್‌ಗಳನ್ನು ಪೊಲೀಸರಿಗೆ ಒಪ್ಪಿಸಿ ಆ ರೇಂಜನ್ನು ಮುಚ್ಚುವುದು. ಗುಂಡಿನ ವೇಗ ತಗ್ಗಿಸಿ ಪಾರಾಗೋಣವೆಂದರೆ ಅಷ್ಟು ದೂರದಲ್ಲಿ ಗಾಳಿ ಗುಂಡನ್ನು ಎಳೆದುಕೊಂಡು ಹೋಗುತ್ತದೆ.

"ಗುರಿ ಹಿಂದಿನ ಮಣ್ಣಿನ ದಿಬ್ಬದ ಆ ಕಡೆ ಫ್ಲಾಟ್ಸ್ ಬಂದ್ಬಿಟ್ಟಿದೆ ಮೇಡಂ. ಅಂದಾಜಲ್ಲಿ ಹೊಡೆಯೋ ಕಾಲ ಮುಗೀತು," ಎಂದರು ಕಾರ್ಯದರ್ಶಿ. ಆ ಮನುಷ್ಯನನ್ನು ಬೈಯಲು ನನಗೆ ಬಹಳ ಆಸೆಯಿತ್ತು. ಹೇಳಿದ್ದು ಸರಿಯಾಗಿತ್ತು, ಬೈಯಲಾಗಲಿಲ್ಲ.

ರೈಫಲ್ ನಳಿಗೆಯ ಒಳಗೆ ಸುತ್ತಿಕೊಂಡು ಹೋಗುವ ಗೀರುಗಳಿರುತ್ತವೆ. ಗುಂಡನ್ನು ಹಿಡಿದು ತಿರುಗಿಸುವುದು ಅವೇ. ಮೆತ್ತಗಿನ ಸೀಸವನ್ನು ಜೋರಾಗಿ ನೂಕಿದರೆ ಅದು ಗೀರಿಗೆ ಸಿಗದೆ ಜಾರುತ್ತದೆ, ನಳಿಗೆಗೆಲ್ಲ ಮೆತ್ತಿಕೊಳ್ಳುತ್ತದೆ. ಗುಂಡಿನೊಳಗೊಂದು ಗಾಳಿಗುಳ್ಳೆ ಉಳಿದಿದ್ದರಂತೂ ಹೊರಬಿದ್ದ ಮೇಲೆ ಕುಡಿದವನ ನಡಿಗೆಯೇ. ಗೆಳೆಯರು ಅಚ್ಚು ಕೊರೆದರು, ಸೀಸಕ್ಕೆ ಬೇರೆ ಲೋಹ ಬೆರೆಸಿ ಗಟ್ಟಿ ಮಾಡಿದರು, ಬುಡಕ್ಕೆ ತಾಮ್ರದ ಪುಟ್ಟ ಟೋಪಿ ತೊಡಿಸಿದರು. ನಾನು ತೂಗಿ, ಅಳೆದು, ಅರ್ಧಕ್ಕರ್ಧ ರಿಜೆಕ್ಟ್ ಮಾಡಿದೆ. "ಮೇಡಂ, ನೀವು ದೇವ್ರನ್ನೂ ರಿಜೆಕ್ಟ್ ಮಾಡ್ತೀರ," ಎಂದು ಗೊಣಗುತ್ತಾ ಅವರು ಅವನ್ನೆಲ್ಲ ಮತ್ತೆ ಕರಗಿಸುತ್ತಿದ್ದರು.

ಮಳೆಗಾಲ ಕಳೆದು, ಚಳಿ ಶುರುವಾದ ಮೇಲೆ ಒಂದು ಭಾನುವಾರ ಗುಂಡುಗಳು ತಟ್ಟೆಯೊಳಗೆ ಬಿದ್ದವು. ನಾನು ನಂಬದೆ ಮತ್ತೆ ಹೊಡೆದೆ. ಮತ್ತೆ ಬಿದ್ದವು. ರೇಂಜಿನಲ್ಲಿ ಎಲ್ಲರೆದುರಿಗೆ ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ. ಅದೇ ಅಚ್ಚಿನಲ್ಲಿ, ಅದೇ ಲೋಹದಲ್ಲಿ ಕಮಿಟಿಯ ಪರೀಕ್ಷೆಗೆ ಗುಂಡು ಮಾಡುವುದೆಂದು ನಿಶ್ಚಯವಾಯಿತು. ನಾನು ಆರಿಸಿ ಕೊಟ್ಟೆ, ಟೋಪಿ ತೊಡಿಸಿ, ಮದ್ದು ತುಂಬಿದ ತೋಟೆಗೆ ಕೂರಿಸುವುದು ಗೆಳೆಯರ ಕೆಲಸ. ತೋಟೆಯೊಳಗೆ ಕೂತ ಮೇಲೆ ಗುಂಡಿನ ಬುಡ ಯಾರ ಕಣ್ಣಿಗೂ ಕಾಣುವುದಿಲ್ಲ.

ಪರೀಕ್ಷೆಯ ದಿನ ಗಾಳಿ ಇರಲಿಲ್ಲ. ಮೊದಲ ಗುಂಡು ತಟ್ಟೆಯ ಬಲಕ್ಕೆ ಹೋಯಿತು. ನನ್ನ ಉಸಿರಿನದೇ ತಪ್ಪೆಂದುಕೊಂಡೆ. ಮುಂದಿನದು ಮೇಲಕ್ಕೆ ಹೋಯಿತು, ಅದರ ಮುಂದಿನದು ಗುರಿಯ ಕಾಗದಕ್ಕೇ ತಾಗಲಿಲ್ಲ. ದುರ್ಬೀನಿನಲ್ಲಿ ನೋಡುತ್ತಿದ್ದ ಕಾರ್ಯದರ್ಶಿ ಒಂದೊಂದನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ತೋಟೆಗೆ ಕೂರಿಸದೆ ಉಳಿದ ಗುಂಡುಗಳು ಡಬ್ಬಿಯಲ್ಲಿದ್ದವು. ಒಂದನ್ನು ತಲೆಕೆಳಗಾಗಿಸಿ ಟೋಪಿಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದೆ. ನುಣ್ಣಗಿತ್ತು.

"ಏನ್ರೀ ಇದು?" ಎಂದು ಗೆಳೆಯರನ್ನು ಕೇಳಿದೆ.

"ಅಂಚಿನ ಬರ್, ಚೂಪೆಲ್ಲ ತೆಗ್ದಿದೀನಿ ಮೇಡಂ. ಒಂದೊಂದನ್ನೂ ಕೈಯಲ್ಲೇ ಅರ ಹಾಕಿ ಸವರಿದೀನಿ. ಕಮಿಟಿ ಮುಂದೆ ಹೋಗೋ ಪೀಸು, ನೀಟಾಗಿರ್ಲಿ ಅಂತ."

ಪೀಣ್ಯದಲ್ಲಿ ಚೂಪು ಅಂಚಿನ ಪೀಸು ಗೇಟು ದಾಟುವುದಿಲ್ಲ. ಡ್ರಾಯಿಂಗಿನಲ್ಲಿ ಇರಲಿ ಬಿಡಲಿ, ಅಂಚು ಸವರಿಯೇ ಕಳಿಸಬೇಕು. ಗಿರಾಕಿಯ ಬೆರಳು ಕುಯ್ದರೆ ಇಡೀ ಲಾಟು ವಾಪಸ್. ಜೀವಮಾನವೆಲ್ಲ ಅದನ್ನೇ ಮಾಡಿದ ಕೈ, ಅಭ್ಯಾಸದ ಗುಂಡುಗಳನ್ನು ಬಿಟ್ಟರೂ ಪರೀಕ್ಷೆಯವನ್ನು ಬಿಟ್ಟಿರಲಿಲ್ಲ. ಗುಂಡು ನಳಿಗೆಯ ಬಾಯಿ ಬಿಡುವಾಗ ಹಿಂದಿನ ಬಿಸಿಗಾಳಿ ಬುಡದ ಸುತ್ತ ಒಂದೇ ಸಲಕ್ಕೆ ಹೊರನುಗ್ಗಬೇಕು. ಕೈಯಲ್ಲಿ ಸವರಿದ ಅಂಚು ಎಲ್ಲಿ ಹೆಚ್ಚು ಸವೆದಿದೆಯೋ ಅಲ್ಲಿ ಮೊದಲು ನುಗ್ಗಿ ಗುಂಡನ್ನು ಓರೆಗೆ ತಳ್ಳುತ್ತದೆ. ನಾನು ಕೂಗಾಡಿದೆ. "ನಿಮ್ಮ ನೀಟು ಹಾಳಾಗ್ಲಿ!" ಅಂದೆ. ನನ್ನ ಮಾತು ಮುಗಿಯುವ ಮೊದಲೇ ಅವರಿಗೆ ಅರ್ಥವಾಗಿತ್ತು. ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟರು.

ಇನ್ನೊಂದು ಅವಕಾಶ ಕೊಡಿ ಎಂದು ಕಾರ್ಯದರ್ಶಿಯನ್ನು ಕೇಳಿದೆ. ಬೇಡಿಕೊಂಡೆ ಎಂದರೂ ಸರಿ.

"ನೀವು ಕಾರಣ ಹೇಳ್ತಿದೀರ ಮೇಡಂ, ಒಪ್ಕೋತೀನಿ. ಆದ್ರೆ ಆ ಕಾಗದಕ್ಕೆ ತಾಗದೇ ಹೋಯ್ತಲ್ಲ, ಆ ಗುಂಡಿಗೆ ಫ್ಲಾಟ್ಸ್ ಅವ್ರಿಗೆ ಏನ್ ಕಾರಣ ಹೇಳ್ಲಿ?"

ಡಬ್ಬಿಯ ಮುಚ್ಚಳ ಹಾಕಿದೆ. ಅದೇ ತಿಂಗಳು ರೈಫಲ್‌ಗಳನ್ನು ಒಪ್ಪಿಸಿದರು, ರೇಂಜಿಗೆ ಬೀಗ ಬಿತ್ತು. ನಾನು ನೋಡಲು ಹೋಗಲಿಲ್ಲ. ಭಾನುವಾರಗಳಲ್ಲಿ ತಡವಾಗಿ ಏಳಲು ಕಲಿಯುತ್ತಿದ್ದೇನೆ, ಬರುತ್ತಿಲ್ಲ.

ಕೆಲವು ವಾರಗಳಾದ ಮೇಲೆ ಗೆಳೆಯರು ಮೆಟ್ರೋ, ಬಸ್ಸು ಬದಲಿಸಿಕೊಂಡು ಪೀಣ್ಯದಿಂದ ನಮ್ಮ ಮನೆಗೆ ಬಂದರು. ಕರ್ಚೀಫಿನಲ್ಲಿ ಹೊಸದಾಗಿ ಎರಕ ಹೊಯ್ದ, ತೋಟೆಯಿಲ್ಲದ ಬರೀ ಗುಂಡುಗಳಿದ್ದವು. ಟೋಪಿಯ ಅಂಚು ಮುಟ್ಟಿರಲಿಲ್ಲ. "ನೋಡಿ ಮೇಡಂ," ಅಂದರು, ಅಷ್ಟೇ. ಭೂತಗನ್ನಡಿ ತಂದೆ, ಮೈಕ್ರೋಮೀಟರ್ ತಂದೆ, ಒಂದನ್ನೂ ಬಿಡದೆ ನೋಡಿದೆ. ತಪ್ಪು ಹುಡುಕಬೇಕೆಂದೇ ನೋಡಿದೆ, ಸಿಕ್ಕಿದ್ದರೆ ನೆಮ್ಮದಿಯಾಗುತ್ತಿತ್ತು.

"ಪಾಸ್," ಅಂದೆ.

ಅವರ ಮುಖ ಅರಳಿತು. ಅರಳಿದ್ದು ಹಾಗೇ ಇಳಿಯಿತು. ಇವು ನೇರ ಹೋಗುತ್ತಿದ್ದವೋ ಇಲ್ಲವೋ ಎಂದು ತಿಳಿಯಲು ನಮಗಿನ್ನು ರೈಫಲ್ ಇಲ್ಲ, ಯಾರೂ ಕೊಡುವುದೂ ಇಲ್ಲ.

"ಕರಗಿಸ್ಬಿಡ್ಲಾ ಮೇಡಂ?"

"ಕರಗಿಸಿ," ಅಂದೆ.