ಗವಿಜನಕ್ಕೆ ಪೂರ್ತಿ ಪಾಲು

ಹೋದ ವರ್ಷದ ಮಳೆಗಾಲ. ಅಂಕೋಲೆಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಮೇಲೆ ನಾನು ಕಾರವಾರದ ಶಿರವಾಡದಲ್ಲಿ ಕೂತು ಒಂದು ಗೇಮ್ ಕಂಪನಿಗೆ ಬರೆಯುತ್ತಿದ್ದೆ. ರೋಲ್‌ಪ್ಲೇಯಿಂಗ್ ಗೇಮ್ ಎಂದರೆ ನಾಲ್ಕೈದು ಮಂದಿ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕತೆ ನಡೆಸುವ ಆಟ. ಅದರಲ್ಲಿ ಬರುವ ಕಲ್ಪಿತ ಕುಲಗಳ ವಯಸ್ಸು, ಮೈಕಟ್ಟು ವರ್ಣಿಸುವುದು ನನ್ನ ಕೆಲಸ. ಈ ಪ್ರಾಯದಲ್ಲಿ ಇದೆಂತ ಹುಚ್ಚು ಎಂದು ನಕ್ಕವರಿದ್ದರು. ನಗಲಿ ಬಿಡಿ.

ಪ್ರತಿ ಕುಲದ ಮೊದಲ ಸಾಲನ್ನು ಕಂಪನಿಯ ಸಂಪಾದಕ ಕಳಿಸುತ್ತಿದ್ದ; ಉಳಿದದ್ದನ್ನು ನಾನು ಬೆಳೆಸಬೇಕು. ಗವಿಜನ ಎಂಬ ಕುಲಕ್ಕೆ ಅವನು ಕೊಟ್ಟ ಸಾಲು: ‘ಮುನ್ನೂರು ವರ್ಷ ಬದುಕುತ್ತಾರೆ, ನೋಡಲು ಎಂಟು ವರ್ಷದ ಮಗುವಿನಂತೆ.’ ಅಚ್ಚಿಗೆ ಮುಂಚೆ ಆಡಿ ನೋಡುವ ಪ್ಲೇಟೆಸ್ಟ್ ನಮ್ಮ ಮನೆಯಲ್ಲೇ ನಡೆಯುತ್ತಿತ್ತು.

ಆ ಭಾನುವಾರ ಅಂಕೋಲೆಯಿಂದ ನಂದಾ ಬಂದಳು, ಪಕ್ಕದ ಚಕ್ರ ಹಾಕಿಸಿದ ತನ್ನ ಸ್ಕೂಟರಿನಲ್ಲಿ. ನನ್ನ ಹಳೆಯ ವಿದ್ಯಾರ್ಥಿನಿ, ಮೀನುಗಾರರ ಮನೆಯವಳು, ಈಗ ಬ್ಯಾಂಕಿನಲ್ಲಿದ್ದಾಳೆ. ವಯಸ್ಸು ಮೂವತ್ತನಾಲ್ಕು, ಎತ್ತರ ಮೂರೂಮುಕ್ಕಾಲು ಅಡಿ. ಅವಳು ಆರಿಸಿಕೊಂಡ ಪಾತ್ರ ಗವಿಜನದ ಹಡಗಿನ ಒಡತಿ, ನೂರಾ ಹನ್ನೆರಡು ವರ್ಷದವಳು. ಎದುರಿಗೆ ಕಾಲೇಜು ಉಪನ್ಯಾಸಕ ಶ್ರೀಪಾದ, ದೈತ್ಯನಾಗಿ. ಕತೆಯಲ್ಲಿ ಹೊಳೆ ಅಡ್ಡ ಬಂತು. “ಪಾಪುನ ನಾ ಹೆಗಲ ಮೇಲೆ ಹೊತ್ಕಂಡು ದಾಟ್ತೆ” ಎಂದ. ಎಲ್ಲರೂ ನಕ್ಕರು.

ನಂದಾ ದಾಳ ಕೆಳಗಿಟ್ಟಳು. “ಯಾರು ಪಾಪು? ಬಸ್ಸಲ್ಲಿ ಹಾಫ್ ಟಿಕೆಟಾ ಅಂತಾರೆ. ಬ್ಯಾಂಕಲ್ಲಿ ದೊಡ್ಡವ್ರು ಯಾರೂ ಇಲ್ವಾ ಅಂತಾರೆ. ಇಲ್ಲೂ ಮಗುವೇ ಆಗೂದಾದ್ರೆ ನಾ ಎಂತಕ್ಕೆ ಬರ್ಬೇಕು ಅಕ್ಕೋರೆ?”

“ಬರ್ದದ್ದೇ ಹಾಗಲ್ವಾ ಮಾರಾಯ್ತಿ” ಎಂದ ಶ್ರೀಪಾದ.

“ಬರ್ದದ್ದೇ ತಪ್ಪು. ನಮ್ಮ ಕೇರಿಲಿ ರಂಪಣಿ ಎಳಿಯೂದು ನೋಡು. ಹಗ್ಗ ಮುಟ್ಟಿದ ಮಕ್ಕಳಿಗೆ ಒಂದು ಮುಷ್ಟಿ ಮೀನು, ಎಳೆದ ದೊಡ್ಡವ್ರಿಗೆ ಪಾಲು. ನಂಗೆ ಹದಿನೆಂಟಾದಾಗಿಂದ ಪಾಲೇ ಕೊಡ್ತಾರೆ. ಒಬ್ರೂ ನನ್ನ ಎತ್ತರ ಅಳೀಲಿಲ್ಲ.”

ದಡದಲ್ಲಿ ಸಾಲಾಗಿ ನಿಂತು ಎಳೆಯುವ ಆ ದೊಡ್ಡ ಬಲೆಯ ಲೆಕ್ಕ ಕರಾವಳಿಯವರಿಗೆಲ್ಲ ಗೊತ್ತು. ನಂದಾ ಚಹಾ ಕುಡಿಯದೆ ಹೋದಳು. ಸಂಪಾದಕನ ಆ ಸಾಲಿನ ಮೇಲೆ ನನಗೆ ಮೈಯೆಲ್ಲ ಉರಿಯಿತು.

ಮರುದಿನ ಸಂಪಾದಕನಿಗೆ ಫೋನ್ ಮಾಡಿದೆ. “ಮಗುವಿನಂತೆ ಅಂದ್ರೆ ಓದೋರ ಕಣ್ಣಿಗೆ ಕಟ್ಟುತ್ತೆ ಮೇಡಂ. ಕಾಲ್ಪನಿಕ ಜನ ತಾನೇ, ಯಾರಿಗೆ ನೋವು?” ಎಂದ.

“ಜನ ಕಾಲ್ಪನಿಕ, ಆಡುವವರಲ್ಲ. ಆ ಸಾಲು ಇರುವುದಾದರೆ ನಾನು ಬರೆದ ಒಂದು ಪುಟವೂ ನಿಮಗಿಲ್ಲ.”

ಕೆಲಸ ಹೋದರೆ ಹೋಗಲಿ ಎಂದು ಗಟ್ಟಿಯಾಗಿ ಕೂತೆ. ಅವನು ಕೆಲವು ದಿನ ಎಳೆದಾಡಿದ. ಕಡೆಗೆ ‘ನಿಮ್ಮಿಷ್ಟ’ ಎಂದು ಮೆಸೇಜ್ ಹಾಕಿದ. ನನ್ನಿಷ್ಟ ಹೀಗಿತ್ತು: ‘ಗವಿಜನ: ಎತ್ತರ ಮೂರೂವರೆಯಿಂದ ನಾಲ್ಕು ಅಡಿ. ಅಗಲ ಭುಜ, ಗಟ್ಟಿ ಅಂಗೈ. ನಲವತ್ತು ವರ್ಷಕ್ಕೆ ದೊಡ್ಡವರಾಗಿ ಪೂರ್ತಿ ಪಾಲಿಗೆ ಬರುತ್ತಾರೆ.’ ಅದನ್ನು ನಂದಾಳಿಗೆ ಕಳಿಸಿದೆ. ‘ಭಾನುವಾರ ಬರ್ತೆ’ ಎಂದು ಉತ್ತರ ಬಂತು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಮೈಯನ್ನು ವರ್ಣಿಸುವಾಗ ಅಡಿ, ಅಂಗುಲ ಧಾರಾಳವಾಗಿ ಬರೆಯಿರಿ, ದೊಡ್ಡವರನ್ನು ಮಗು ಮಾಡಬೇಡಿ. ಮಾಡಿದರೆ ನಾನಂತೂ ಸುಮ್ಮನಿರುವವಳಲ್ಲ.

ಭಾನುವಾರ ಮತ್ತೆ ಅದೇ ಹೊಳೆ. ಶ್ರೀಪಾದ ಕೇಳಿದ, “ಹೇಗೆ ದಾಟೂದು ಒಡತಿ?”

“ನಾ ಈಜಿ ಆಚೆ ಹೋಗ್ತೆ. ನೀ ಸೊಂಟಕ್ಕೆ ಹಗ್ಗ ಕಟ್ಕ. ಎಳೀತೆ.”

ದಾಳ ಉರುಳಿತು, ಗೆದ್ದಳು. ಕತೆಯಲ್ಲಿ ಆಚೆ ದಡದಲ್ಲಿ ಹಿಡಿದ ಮೀನು ಹಂಚುವ ಕೆಲಸವೂ ಅವಳದೇ. ಎಲ್ಲರಿಗೂ ಪಾಲು ಹಾಕಿದಳು. ದೈತ್ಯನಿಗೆ ಮಾತ್ರ ಒಂದು ಮುಷ್ಟಿ.