‘ಬತ್ತೆ’ ಎಂದು ಹೋದ ನಾಲ್ಕನೆಯವರು

ಮನುಷ್ಯ ಕಾಡಿನಿಂದ ಬಂದವನು. ಒಂದಲ್ಲ ಒಂದು ದಿನ ಕಾಡಿಗೇ ಮರಳಬೇಕಾದವನು. ಮರಳುವ ಮೊದಲು ಒಂದು ಅರ್ಜಿ, ಎರಡು ಝೆರಾಕ್ಸ್, ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ಕೊಡಬೇಕು, ಅಷ್ಟೆ.

ನಾವು ಕೊಟ್ಟದ್ದು ಮೂರು ಫೋಟೋ. ಅರ್ಜಿಯಲ್ಲಿ ಬರೆದದ್ದು ನಾಲ್ಕು ಜನ. ನಾನು ಈ ವಾರ ಹೇಳಹೊರಟಿರುವುದು ಆ ಕಡಿಮೆ ಬಿದ್ದ ಫೋಟೋದ ಕಥೆ.

ಯೋಜನೆ ಮಂಜಣ್ಣನದು. ತ್ರಾಸಿಯ ಮಂಜಣ್ಣ ಮೂವತ್ತು ವರ್ಷ ದೋಣಿ ನಡೆಸಿದವನು. ಕಡಲಿನಲ್ಲಿ ರಸ್ತೆಯಿಲ್ಲ, ಮೈಲುಗಲ್ಲಿಲ್ಲ. ದೂರದ ಘಟ್ಟದ ತಲೆ ದಡದ ಯಾವ ತೆಂಗಿನ ಸಾಲಿನ ಮೇಲೆ ಕೂತಿದೆ ಎಂದು ನೋಡಿಯೇ ತಾನೆಲ್ಲಿದ್ದೇನೆಂದು ತಿಳಿಯಬೇಕು. ಹಾಗೆ ಮೂವತ್ತು ವರ್ಷ ಗುಡ್ಡ ನೋಡಿದವನಿಗೆ ಇದ್ದದ್ದು ಒಂದೇ ಆಸೆ: ಒಮ್ಮೆ ಆ ಗುಡ್ಡದ ಮೇಲೆ ನಿಂತು ತನ್ನ ಕಡಲನ್ನು ನೋಡಬೇಕು. ಅವಸರಕ್ಕೆ ಕಾರಣ ಅವನ ಬಲ ಮೊಣಕಾಲು. ಆಪರೇಶನ್ ಗೊತ್ತಾಗಿತ್ತು, ಆಮೇಲೆ ಗುಡ್ಡದ ಸುದ್ದಿ ಬಿಟ್ಟುಬಿಡಿ ಎಂದು ಡಾಕ್ಟರು ಹೇಳಿದ್ದರು.

"ಈ ಸಲ ಆಯ್ಲಿಲ್ಲ ಅಂದ್ರೆ ಮತ್ತಿಲ್ಲೆ ಮಾರಾಯ್ರೆ," ಎಂದ.

ಸರಿ, ಕುದುರೆಮುಖದ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ರಾತ್ರಿ ಡೇರೆ ಹಾಕುವುದೆಂದು ತೀರ್ಮಾನವಾಯಿತು. (ಉದ್ಯಾನವೆಂದರೆ ಕಲ್ಲುಬೆಂಚು, ಕಾರಂಜಿ ಇರುವ ಜಾಗವೆಂದೇ ಸೀನ ಬಹಳ ದಿನ ನಂಬಿದ್ದ.) ಸೀನ ಎಂದರೆ ಹಾಲಾಡಿಯ ಟೈಲರ್, ನಮ್ಮ ಮೂರನೆಯವನು. ಡೇರೆ ಹೊಲಿಯುವ ಹೊಣೆ ಅವನದಾದ್ದರಿಂದ ಭಾನುವಾರದ ಸಭೆಗಳೂ ಅವನ ಅಂಗಡಿಯಲ್ಲೇ.

ಮೊದಲ ಸಭೆ ಒಣಮೀನು ಒಯ್ಯಬೇಕೇ ಬೇಡವೇ ಎಂಬುದರಲ್ಲೇ ಮುಗಿಯಿತು. ವಾಸನೆಗೆ ಹುಲಿ ಬರುತ್ತದೆ ಎಂದು ಸೀನನ ವಾದ. "ಬರ್ಲಿ ಮಾರಾಯ, ಅದ್ಕೆ ಮುಳ್ಳ್ ತೆಗುಕ್ ಗೊತ್ತಿತ್ತಾ?" ಎಂದು ಮಂಜಣ್ಣ.

ಟೈಲರ್ ಅಂಗಡಿಯಲ್ಲಿ ಸಭೆ ಮಾಡಬಾರದು. ಅಲ್ಲೊಂದು ಬೆಂಚು ಇರುತ್ತದೆ. ಬೆಂಚಿನ ಮೇಲೆ ಯಾರು ಕೂತರೂ ಯಾರೂ ಕೇಳುವುದಿಲ್ಲ.

ಎರಡನೆಯ ಭಾನುವಾರ ಅಲ್ಲಿ ಒಬ್ಬರು ಕೂತಿದ್ದರು. ಸೀನನ ಗಿರಾಕಿ ಎಂದುಕೊಂಡೆ ನಾನು. ಮಂಜಣ್ಣನ ಒಟ್ಟಿಗೆ ಬಂದವರು ಎಂದುಕೊಂಡ ಸೀನ. ನನ್ನ ಸ್ನೇಹಿತರು ಎಂದುಕೊಂಡ ಮಂಜಣ್ಣ ಅವರಿಗೂ ಒಂದು ಚಾ ಹೇಳಿದ. ಅವರು ಕುಡಿಯಲಿಲ್ಲ. (ಚಾ ಕುಡಿಯದವರೂ ಜಗತ್ತಿನಲ್ಲಿದ್ದಾರೆ. ಆಗ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.)

ನೀರು ಎಲ್ಲಿ ಸಿಗುತ್ತದೆ ಎಂದು ನಾವು ಜಗಳಾಡುತ್ತಿದ್ದಾಗ ಬೆಂಚಿನಿಂದ ಮಾತು ಬಂತು.

"ಅಲ್ಲ್ ನೀರಿಲ್ಲೆ. ಎಡಬದಿಗೆ ಇಳೀಕ್."

ಎದ್ದು ಬಂದರು. ಬಟ್ಟೆ ಗುರುತು ಮಾಡುವ ಸುಣ್ಣದ ಬಿಲ್ಲೆ ಎತ್ತಿಕೊಂಡು, ಡೇರೆ ಹೊಲಿದು ಉಳಿದ ಖಾಕಿ ತುಂಡಿನ ಮೇಲೆ ದಾರಿ ಬರೆದರು. ಇಲ್ಲಿ ತೊರೆ, ಇಲ್ಲಿ ಬಿದ್ದ ಮರ, ಇಲ್ಲಿ ಚಪ್ಪಟೆ ಬಂಡೆ. ಕೈ ಎತ್ತದೆ, ಒಂದೇ ಗೆರೆಯಲ್ಲಿ. ನನ್ನ ಮನೆಯ ಅಡುಗೆಕೋಣೆಯನ್ನೂ ನಾನು ಅಷ್ಟು ಸಲೀಸಾಗಿ ಬರೆಯಲಾರೆ.

"ನಿಮ್ಗೆ ಕಡ್ಲ್ ಕಾಂಬುಕಲ್ದಾ?" ಎಂದು ಮಂಜಣ್ಣನನ್ನು ಕೇಳಿದರು. "ಈ ಬಂಡೆ ಮೇಲ್ ನಿಂತ್ರೆ ಕಾಣ್ತ್. ಬೇರೆಲ್ಲೂ ಕಾಂತಿಲ್ಲೆ. ಡೇರೆ ಇಲ್ಲೇ ಹಾಕಿ."

"ಯಾವ್ ಬದಿ ಆಯ್ತ್ ನಿಮ್ಗೆ?" ಎಂದೆ. ನೇರವಾಗಿ ಹೆಸರು ಕೇಳುವುದು ಒರಟುತನ, ಬದಿ ಕೇಳಬಹುದು.

"ಮೇಲ್ ಬದಿ," ಎಂದರು. ಬಾಗಿಲಲ್ಲಿ ಒಮ್ಮೆ ನಿಂತು "ಬತ್ತೆ" ಎಂದು ಇಳಿದು ಹೋದರು.

ಅರ್ಜಿ ನನ್ನ ಕೈಯಲ್ಲಿತ್ತು. ‘ಒಟ್ಟು ಜನ’ ಎಂಬಲ್ಲಿ ನಾಲ್ಕು ಎಂದು ಬರೆದೆ.

ಹೊರಗಿನ ಓದುಗರಿಗಾಗಿ ಒಂದು ಮಾತು. ನಮ್ಮ ಕಡೆ ಹೊರಟವರು "ಹೋತೆ" ಅನ್ನುವುದಿಲ್ಲ. ಅದು ಅಪಶಕುನ. ಪೇಟೆಗೆ, ಕಡಲಿಗೆ, ಮುಂಬಯಿಗೆ, ಎಲ್ಲಿಗೆ ಹೊರಟರೂ "ಬತ್ತೆ", ಎಂದರೆ ಬರುತ್ತೇನೆ. (ಮೈಸೂರು ಕಡೆಯಿಂದ ವರ್ಗವಾಗಿ ಬಂದ ಮೇಷ್ಟ್ರೊಬ್ಬರು "ಬತ್ತೆ" ಎಂದು ಹೋದ ನೆರೆಯವರಿಗಾಗಿ ಸಂಜೆಯಿಡೀ ಉಪ್ಪಿಟ್ಟು ಮುಚ್ಚಿಟ್ಟು ಕಾದಿದ್ದರು.) ಹೋಗುವವನೂ ಬತ್ತೆ, ಬರುವವನೂ ಬತ್ತೆ. ಬೆಂಚಿನವರು ವಿದಾಯ ಹೇಳಿದರೋ, ಕ್ಯಾಂಪಿಗೆ ಒಪ್ಪಿಕೊಂಡರೋ? ಒಪ್ಪಿಕೊಂಡರೆಂದು ತಿಳಿದೆವು. ಸೀನ ಡೇರೆಯನ್ನು ಬಿಚ್ಚಿ ಒಂದು ಮೊಳ ಅಗಲ ಮಾಡಿದ.

ಬಯಲಾದದ್ದು ಅನುಮತಿ ಕೊಡುವ ರೇಂಜ್ ಆಫೀಸಿನಲ್ಲಿ. ಅಲ್ಲೊಬ್ಬರು ಹಿರಿಯ ಗಾರ್ಡ್ ಫೋಟೋ ಎಣಿಸಿ, "ನಾಲ್ಕನೆಯವ್ರದ್ದ್?" ಎಂದರು.

ನಾನು ಸೀನನ ಮುಖ ನೋಡಿದೆ. ಸೀನ ಮಂಜಣ್ಣನ ಮುಖ ನೋಡಿದ. ಮಂಜಣ್ಣ ನನ್ನ ಮುಖ ನೋಡಿದ.

"ನಿಮ್ ಜನ ಅಲ್ದಾ?" ಎಂದ ಮಂಜಣ್ಣ ನನಗೆ.

"ನಂದಾ? ಸೀನನ ಗಿರಾಕಿ ಅಂದ್ಕಂಡೆ ನಾನ್."

"ಎಂತ ಮಾರಾಯ್ರೆ, ಗಿರಾಕಿ ಆದ್ರೆ ನಂಗ್ ಅಳತಿ ಗೊತ್ತಿರ್ತಿಲ್ಯಾ?" ಎಂದು ಸೀನ ನಗಲು ಹೊರಟವನು ಅರ್ಧಕ್ಕೇ ನಿಂತ. ಅವನಿಗೊಂದು ವಿದ್ಯೆಯಿದೆ. ಒಮ್ಮೆ ಕಂಡವರ ಭುಜ, ಎದೆ, ತೋಳು ಇಂಚಿನ ಲೆಕ್ಕದಲ್ಲಿ ಅವನ ತಲೆಯಲ್ಲಿ ಉಳಿಯುತ್ತದೆ. ಎಂದೋ ಬಸ್ಸಿನಲ್ಲಿ ಪಕ್ಕ ಕೂತವರ ಕಾಲರ್ ಸೈಜನ್ನೂ ಹೇಳಬಲ್ಲ.

"ಆ ಜನದ ಭುಜ ನೆನ್ಪಿಗ್ ಬತ್ತಿಲ್ಲೆ," ಎಂದ. "ಎದೆ ನೆನ್ಪಿಗ್ ಬತ್ತಿಲ್ಲೆ. ಎಂತದೂ ಬತ್ತಿಲ್ಲೆ."

ಅವರೇ ಬರೆದುಕೊಟ್ಟ ದಾರಿ ಎಂದು ನಾನು ಕೊಟ್ಟ ಖಾಕಿ ತುಂಡನ್ನು ಗಾರ್ಡ್ ಬಿಡಿಸಿ ನೋಡಿದರು. ಗೆರೆಯ ಮೇಲೆ ಬೆರಳಾಡಿಸಿದರು. ಮೇಲೆ ಫ್ಯಾನು ಟಕ್ ಟಕ್ ಎನ್ನುತ್ತಿತ್ತು.

"ದಾರಿ ಸಮ ಇತ್ತ್," ಎಂದರು. "ಆದ್ರೆ ಇದ್ರಲ್ಲಿ ಈಗ ಯಾರೂ ಹೋಪುದಿಲ್ಲೆ. ಆ ಬಂಡೆ ಹತ್ರ ನಾವ್ ಯಾರೂ ಮಲ್ಗುದಿಲ್ಲೆ."

"ಎಂತಕ್ಕೆ?"

"ನಂಗೊತ್ತಿಲ್ಲೆ. ಹಿಂದಿನ್ ಗಾರ್ಡ್ ಹೇಳಿದ್ರ್. ಅವ್ರಿಗೆ ಅವ್ರ ಹಿಂದಿನವ್ರ್ ಹೇಳಿದ್ರಂಬ್ರ್." ಆಮೇಲೆ ತಲೆಯೆತ್ತಿ ಕೇಳಿದರು: "ಆ ಜನ ಕಡೀಗ್ ಎಂತ ಹೇಳ್ರ್?"

"ಬತ್ತೆ ಅಂದ್ರ್," ಎಂದೆ.

"ನಿಮ್ ಒಟ್ಟಿಗ್ ಬತ್ತೆ ಅಂದದ್ದಾ? ಅಲ್ಲ, ಅಲ್ಲಿಗ್ ಬತ್ತೆ ಅಂದದ್ದಾ?"

ಐವತ್ತು ವರ್ಷದಿಂದ ಆ ಪದ ಬಳಸುತ್ತಿದ್ದೇನೆ. ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ.

ಗಾರ್ಡ್ ನಾಲ್ಕನ್ನು ಹೊಡೆದು ಮೂರು ಮಾಡಿದರು. ರಾತ್ರಿ ತಂಗುವುದನ್ನು ನಾವೇ ಹೊಡೆದುಹಾಕಿಸಿದೆವು. ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿಯುವುದು, ಗಾರ್ಡ್ ಜೊತೆಗಿರುವುದು. ಹುಲಿಯ ಎದುರು ಒಣಮೀನು ಹಿಡಿದು ನಿಲ್ಲಲು ತಯಾರಿದ್ದ ಮೂವರು ಒಂದು ಮರ್ಯಾದೆಯ ಮಾತಿಗೆ ಹೆದರಿದೆವು. ನೀವಾದರೆ ಹೆದರುತ್ತಿರಲಿಲ್ಲವೇ?

ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಮಂಜಣ್ಣ ಹತ್ತಿದ. ಗಾರ್ಡ್ ಬೇರೆ ದಾರಿಯಲ್ಲಿ ಕರೆದೊಯ್ದು ಮೂರು ಕಡೆ ನಿಲ್ಲಿಸಿದರು. ಮೂರು ಕಡೆಯೂ ಮಂಜು, ಮರ, ಮತ್ತೊಂದು ಗುಡ್ಡ. ಕಡಲಿಲ್ಲ.

"ಬೇರೆಲ್ಲೂ ಕಾಂತಿಲ್ಲೆ ಅಂದಿದ್ರಲೆ," ಎಂದ ಮಂಜಣ್ಣ. "ಅಲ್ಲಿಗೇ ಹೋಪ."

ಯಾರು ಬೇಡವೆಂದಾರು? ಆ ಮೊಣಕಾಲಿಗೆ ಇನ್ನೊಂದು ದಿನ ಇರಲಿಲ್ಲ.

ಸುಣ್ಣದ ಗೆರೆ ಎಲ್ಲೂ ತಪ್ಪಲಿಲ್ಲ. ಎಡಕ್ಕೆ ತೊರೆ. ಬಿದ್ದ ಮರ. ಬಂಡೆ. ಸುತ್ತ ಪಾದ ಮುಳುಗುವಷ್ಟು ತರಗೆಲೆ. ಬಂಡೆಯ ಮೇಲೆ ಒಂದೂ ಇಲ್ಲ. ನೆಂಟರು ಬರುತ್ತಾರೆಂದು ಅಂಗಳ ಗುಡಿಸಿಟ್ಟ ಹಾಗಿತ್ತು. ಹಕ್ಕಿಯ ಸದ್ದೂ ಇರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಆದರೆ ಹಕ್ಕಿ ಇತ್ತು, ಧಾರಾಳವಾಗಿ ಕೂಗುತ್ತಿತ್ತು. ನಮ್ಮನ್ನು ಕಂಡು ಹಾರಲೂ ಇಲ್ಲ.

ಮಂಜಣ್ಣ ಚಪ್ಪಲಿ ಕಳಚಿ ಒಬ್ಬನೇ ಬಂಡೆ ಏರಿದ.

"ಕಾಣ್ತಾ?" ಎಂದು ಸೀನ ಕೆಳಗಿನಿಂದ ಕೇಳಿದ.

"ಕಾಣ್ತ್." ಕಣ್ಣಿಗೆ ಕೈ ಅಡ್ಡ ಹಿಡಿದು ದಿಟ್ಟಿಸಿದ. ಆಮೇಲೆ, "ನಾವ್ ಬಲೆ ಹಾಕು ಜಾಗ ಇದೇ ನೇರಕ್ಕ್ ಇತ್ತ್. ಇಲ್ಲ್ ಕೂಕಂಡವ್ರ್ ನಮ್ಮನ್ನ್ ದಿನಾ ಕಾಣ್ಲಕ್ಕ್."

ಸೀನ ನನ್ನ ಕೈ ಹಿಡಿದುಕೊಂಡ.

ಮಂಜಣ್ಣ ಮೆಲ್ಲಗೆ ಇಳಿದ. ಕಣ್ಣು ಒದ್ದೆಯಾಗಿತ್ತು. ಚಪ್ಪಲಿ ಹಾಕಿಕೊಂಡು ಹತ್ತು ಹೆಜ್ಜೆ ನಡೆದ. ಹುಟ್ಟಿದಂದಿನಿಂದ ಬಂದ ಅಭ್ಯಾಸ ನೋಡಿ, ತಿರುಗಿ ನಿಂತು ಬಂಡೆಗೆ ಹೇಳಿದ:

"ಬತ್ತೆ."

ಗಾರ್ಡ್ ನಿಂತುಬಿಟ್ಟರು. "ಹ್ವಾಯ್! ಎಂತ ಹೇಳ್ರಿ ನೀವ್?"

"ಎಂತ ಹೇಳ್ದೆ?" ಎಂದ ಮಂಜಣ್ಣ.

ಕಳೆದ ವಾರ ಆಪರೇಶನ್ ಆಯಿತು. ಇನ್ನು ಗುಡ್ಡ ಹತ್ತುವ ಹಾಗಿಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಬಂಡೆಗೆ ಹೇಳಿದ ‘ಬತ್ತೆ’ ಮಾತ್ರ ಹಾಗೇ ಉಳಿದಿದೆ.