ನಜ್ಜರೇನಾಳ ಹದಿನಾಲ್ಕು ಜಾಗದ ಹಲಗೆ

ನಜ್ಜರೇನಾಳ ಮನೆಯ ಊಟದ ಹಲಗೆ ಮೂರೂವರೆ ಮೀಟರ್ ಉದ್ದ, ಒಂದು ಮೀಟರಿಗೆ ನಾಲ್ಕು ಬೆರಳು ಕಡಿಮೆ ಅಗಲ. ಹಿಪ್ಪುನೇರಳೆ ಮರದ ಮೂರು ಸೀಳುಗಳನ್ನು ಜೋಡಿಸಿ, ಕೆಳಗೆ ಅಡ್ಡಪಟ್ಟಿ ಬಡಿದು ಮಾಡಿದ್ದು. ಈ ಕಡೆ ಏಳು ಜನ, ಆ ಕಡೆ ಏಳು ಜನ, ಒಬ್ಬೊಬ್ಬರಿಗೆ ಅರ್ಧ ಮೀಟರ್ ಜಾಗ.

ಬೇರೆ ಊಟಕ್ಕೆಲ್ಲ ಆ ಮನೆಯಲ್ಲಿ ತಟ್ಟೆಗಳಿವೆ. ಪೊಲೆಂತದ ದಿನ ಮಾತ್ರ ತಟ್ಟೆ ಕಪಾಟಿನಿಂದ ಇಳಿಯುವುದಿಲ್ಲ. ಮೆಕ್ಕೆಜೋಳದ ಹಿಟ್ಟನ್ನು ತಾಮ್ರದ ಹಂಡೆಯಲ್ಲಿ ಮುಕ್ಕಾಲು ಗಂಟೆ ತಿರುವಿ, ಮುದ್ದೆಗಿಂತ ಸಡಿಲ, ಗಂಜಿಗಿಂತ ಗಟ್ಟಿ ಹದ ಬಂದ ಮೇಲೆ ನೇರ ಹಲಗೆಯ ಮೇಲೇ ಸುರಿಯುತ್ತಾರೆ. ಅದರ ಮೇಲೆ ಹಂದಿ ಪಕ್ಕೆಲುಬು ಬೇಯಿಸಿದ ಟೊಮೇಟೊ ಸಾರು, ಕುರಿಹಾಲಿನ ಚೀಸ್ ತುರಿ, ನಟ್ಟನಡುವೆ ಸಾಸೇಜು. ಪ್ರತಿಯೊಬ್ಬರೂ ತಮ್ಮೆದುರಿನ ಅಂಚಿನಿಂದ ಶುರುಮಾಡಿ ನಡುವಿನ ಕಡೆಗೆ ತಿನ್ನುತ್ತ ಹೋಗಬೇಕು. ಪಕ್ಕದವರ ಎಲ್ಲೆ ದಾಟುವಂತಿಲ್ಲ. ಸಾಸೇಜು ಮೊದಲು ಮುಟ್ಟಿದವರದ್ದು.

ನಜ್ಜರೇನಾ ಹತ್ತೊಂಬತ್ತನೇ ವಯಸ್ಸಿಗೆ ಕ್ವಿಂತೊನ ಹೆಂಡತಿಯಾಗಿ ಆ ಗುಡ್ಡದ ಮನೆಗೆ ಬಂದಳು. ಆಗ ಹೊಲ ಇವರದಲ್ಲ. ದುಡಿಮೆ ಇವರದು, ಬೆಳೆಯಲ್ಲಿ ಅರ್ಧ ಹೊಲದ ಯಜಮಾನನದು. ಅರ್ಧ ಪಾಲು ಅಳೆಯಲು ಯಜಮಾನನ ಪಾರುಪತ್ಯಗಾರ ಬರುತ್ತಿದ್ದ. ಅವನು ಬಂದ ದಿನ ಪೊಲೆಂತ ಮಾಡಬೇಕು. ಹಲಗೆಯ ತಲೆಭಾಗದಲ್ಲಿ ಅವನು ಕೂರುತ್ತಿದ್ದ, ಅವನೊಬ್ಬನಿಗೆ ಮಾತ್ರ ನೀಲಿ ಅಂಚಿನ ತಟ್ಟೆ. ಒಳ್ಳೆಯ ಸಾಸೇಜು ಮೊದಲು ಆ ತಟ್ಟೆಗೆ ಬೀಳಬೇಕು. ಅವನು ತಿಂದು ಬಾಯಿ ಒರೆಸುವವರೆಗೆ ಉಳಿದವರು ಫೋರ್ಕು ಎತ್ತುವಂತಿರಲಿಲ್ಲ. ಅಷ್ಟರಲ್ಲಿ ಪೊಲೆಂತ ತಣ್ಣಗಾಗಿ ಹಲಗೆಗೆ ಅಂಟಿಕೊಳ್ಳುತ್ತಿತ್ತು. ಹೊಸ ಸೊಸೆ ನಜ್ಜರೇನಾ ಹದಿಮೂರು ಚಳಿಗಾಲ ಆ ತಟ್ಟೆ ತೊಳೆದಳು.

ಯಜಮಾನನ ಮಕ್ಕಳು ಹೊಲ ಮಾರಿದಾಗ ಕ್ವಿಂತೊ ಕೊಂಡುಕೊಂಡ. ಕಾಗದ ಕೈಗೆ ಬಂದ ದಿನ ಅವನು ಮೊದಲು ಮಾಡಿದ ಕೆಲಸ ಆ ತಟ್ಟೆಯನ್ನು ಕೋಳಿಗೂಡಿನ ಮುಂದೆ ಇಟ್ಟಿದ್ದು. "ಕೋಳಿಗಳೂ ಸ್ವಲ್ಪ ದಿನ ದೊಡ್ಡ ಮನುಷ್ಯರಾಗಿರಲಿ" ಅಂದ.

ಈಗ ಕ್ವಿಂತೊ ಇಲ್ಲ. ಮಗ ಸೆತ್ತಿಮಿಯೊ, ಸೊಸೆ ಲೊರೆದಾನಾ ಸೇರಿ ಮೇಲಿನ ಕಣಜವನ್ನು ಮೂರು ಕೋಣೆ ಮಾಡಿ, ಪಟ್ಟಣದವರಿಗೆ ಊಟ, ವಸತಿ ಕೊಡಲು ಶುರುಮಾಡಿ ಹದಿನಾರು ವರ್ಷವಾಯಿತು. ನಜ್ಜರೇನಾ ಬೇಡವೆನ್ನಲಿಲ್ಲ. ಅಡುಗೆ ಅವಳದೇ. ಒಂದೇ ಒಂದು ಹಟ ಇಟ್ಟುಕೊಂಡಳು: ಚಳಿಗಾಲದ ಭಾನುವಾರ ಪೊಲೆಂತ, ಬಂದವರು ಮನೆಯವರ ನಡುವೆ ಹಲಗೆಗೇ ಕೂರಬೇಕು.

ಹೋದ ವರ್ಷ ನವೆಂಬರಿನಲ್ಲಿ ಗ್ವಾಲ್ತಿಯೆರೊ ಎಂಬುವನು ಬಂದ. ಬಸ್ಸು ತುಂಬ ಪ್ರವಾಸಿಗಳನ್ನು ಹಳ್ಳಿ ಊಟಕ್ಕೆ ಕರೆದೊಯ್ಯುವ ಕಂಪನಿಯವನು. ಹಲಗೆಯ ಮೇಲೆ ಕೈಯಾಡಿಸಿ ಲೊರೆದಾನಾಳಿಗೆ ಹೇಳಿದ: "ಮರ ಅದ್ಭುತವಾಗಿದೆ. ಆದ್ರೆ ನಮ್ಮ ಜನ ಒಟ್ಟಿಗೆ ತಿನ್ನಲ್ಲ. ಇದನ್ನೇ ಪುಟ್ಟ ಪುಟ್ಟ ಹಲಗೆ ಮಾಡಿಸಿ, ಒಬ್ಬರಿಗೊಂದು. ಫೋಟೋಗೂ ಚೆನ್ನ. ಮುಂದಿನ ಭಾನುವಾರ ಬಂದು ನೋಡ್ತೀನಿ. ಆಮೇಲೆ ಬೇಸಿಗೆ ಮುಗಿಯೋವರೆಗೂ ವಾರಕ್ಕೊಂದು ಬಸ್ಸು ನಿಮ್ಮ ಬಾಗಿಲಿಗೆ."

ಲೊರೆದಾನಾ ಟೇಪು ಹಿಡಿದು, ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಹದಿನಾಲ್ಕು ಚೌಕ ಗೆರೆ ಎಳೆದಳು. ಶನಿವಾರ ಅತ್ತೆ ಹಿಟ್ಟು ತರಲು ಗಿರಣಿಗೆ ಹೋದ ಹೊತ್ತು ನೋಡಿ ಸೆತ್ತಿಮಿಯೊ ಹಲಗೆಯನ್ನು ಗಾಡಿಕೊಟ್ಟಿಗೆಗೆ ಎಳೆದು, ಎರಡು ಮರದ ಸ್ಟ್ಯಾಂಡಿನ ಮೇಲೆ ಇಟ್ಟು ಗರಗಸ ಹಚ್ಚಿದ. ನಾಲ್ಕು ಬೆರಳು ಒಳಗೆ ಹೋಗಿತ್ತು, ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

"ಅವ್ವಾ... ಇಷ್ಟು ಬೇಗ ಬಂದ್ಯಾ?"

"ಗಿರಣೀಲಿ ಯಾರೂ ಇರಲಿಲ್ಲ. ಗರಗಸ ಕೆಳಗಿಡು."

"ಇದು ಬರೀ ಮರ ಕಣವ್ವ."

"ಹುಟ್ಟಿದಾಗ ನೀನೂ ಬರೀ ಮಾಂಸ ಆಗಿದ್ದೆ. ನಾನೇನು ಕುಯ್ದು ಹಂಚಿದ್ನಾ?"

ಅವಳು ಹಿಟ್ಟಿನ ಚೀಲ ನೆಲಕ್ಕಿಟ್ಟು, ಒಂದು ಮಣೆ ಎಳೆದು ಹತ್ತಿ, ಹಲಗೆಯ ತಲೆಭಾಗದಲ್ಲಿ ಕಾಲು ಇಳಿಬಿಟ್ಟು ಕೂತಳು. ಎಪ್ಪತ್ತಾರು ವರ್ಷ. ಹಲಗೆ ಕಿರ್ರ್ ಎನ್ನಲಿಲ್ಲ.

ಲೊರೆದಾನಾ ಓಡಿ ಬಂದಳು. "ಅತ್ತೆ, ನಾವೇನು ಸುಟ್ಟು ಹಾಕ್ತಿಲ್ಲ. ಅದೇ ಮರ, ಅದೇ ಪೊಲೆಂತ. ಬೇರೆಯವರ ಎಂಜಲು ಅಂತ ಈಗಿನವರು ಹೇಸ್ತಾರೆ."

"ಎಲ್ಲೆ ದಾಟಿದ್ರೆ ತಾನೆ ಎಂಜಲು? ದಾಟಿದವನ ಕೈಗೆ ಪಕ್ಕದವನ ಫೋರ್ಕು ಚುಚ್ಚುತ್ತೆ."

"ಬಸ್ಸು ಬರದಿದ್ರೆ ಮೂರು ಕೋಣೇನೂ ಖಾಲಿ ಬೀಳುತ್ತೆ."

"ಬೀಳಲಿ. ಮುಂಚೆ ಜೋಳ ತುಂಬ್ತಿದ್ವು, ಮತ್ತೆ ಜೋಳ ತುಂಬೋಣ. ಇಲ್ಲಿ ಯಾರು ಕೂರ್ತಿದ್ದ ಗೊತ್ತೇನೆ, ನಾನು ಕೂತಿರೋ ಕಡೆ?"

ಲೊರೆದಾನಾಳಿಗೆ ಗೊತ್ತಿರಲಿಲ್ಲ. ಅವಳು ಪೇಟೆಯ ಹುಡುಗಿ. ಇಷ್ಟು ವರ್ಷದಿಂದ ಅದೇ ನೀಲಿ ಅಂಚಿನ ತಟ್ಟೆಯಲ್ಲಿ ಕೋಳಿಗಳಿಗೆ ತೌಡು ಕಲಸುತ್ತಿದ್ದರೂ ಅದರ ಹಿಂದಿನ ಕಥೆ ಅಂದು ಮೊದಲ ಸಲ ಕೇಳಿದಳು. ನಜ್ಜರೇನಾ ಒಂದನ್ನೂ ಬಿಡದೆ ಹೇಳಿದಳು. ತನ್ನ ಮಾವ ಹೇಗೆ ಟೊಪ್ಪಿ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದ, ಸಾರಿನ ಮೇಲೆ ಕೊಬ್ಬು ಹೇಗೆ ಬೆಳ್ಳಗೆ ಗಟ್ಟಿಯಾಗುತ್ತಿತ್ತು, ಎಲ್ಲ.

"ಇದನ್ನ ಹದಿನಾಲ್ಕು ತುಂಡು ಮಾಡಿ. ಹದಿನಾಲ್ಕು ಪಾರುಪತ್ಯಗಾರರನ್ನ ಕೂರಿಸಿ. ಬಡಿಸೋಕೆ ನಾನು ಬರಲ್ಲ," ಎಂದು ಮುಗಿಸಿದಳು. ಆಮೇಲೆ ಗರಗಸದ ಗಾಯ ನೋಡಿ ಮಗನ ಕಡೆ ತಿರುಗಿದಳು. "ಒಲೆ ಪಕ್ಕದ ಮೂಲೆ. ನಿನ್ನ ಜಾಗಾನೇ ಮೊದಲು ಕಡಿಯೋಕೆ ಹೊರಟ್ಯಲ್ಲೋ ಪುಣ್ಯಾತ್ಮ."

ಮಧ್ಯಾಹ್ನದ ಗಂಟೆ ಹೊಡೆದರೂ ಅವಳು ಇಳಿಯಲಿಲ್ಲ. ಲೊರೆದಾನಾ ಬಟ್ಟಲಿನಲ್ಲಿ ಬೇಳೆಸಾರು ತಂದುಕೊಟ್ಟಳು. ಅಲ್ಲೇ ಕೂತು ಕುಡಿದಳು. ಕೊನೆಗೆ ಸೆತ್ತಿಮಿಯೊ ಗರಗಸವನ್ನು ಮೊಳೆಗೆ ತೂಗುಹಾಕಿದ. ಆಮೇಲೆ ಇಳಿದಳು.

ಭಾನುವಾರ ಹಲಗೆ ಅದರ ಜಾಗದಲ್ಲಿತ್ತು. ಅಕ್ಕಪಕ್ಕದ ಗುಡ್ಡದವರು, ಮೇಲಿನ ಕೋಣೆಯಲ್ಲಿ ತಂಗಿದ್ದ ಗಂಡ ಹೆಂಡತಿ, ಮನೆಯವರು ಸೇರಿ ಹದಿಮೂರು ಜನ. ಹದಿನಾಲ್ಕನೆಯವನಾಗಿ ಗ್ವಾಲ್ತಿಯೆರೊ ಬಂದ. ಹಲಗೆ ಇಡಿಯಾಗಿರುವುದನ್ನು ಕಂಡು ಲೊರೆದಾನಾಳನ್ನು ನೋಡಿದ. ಅವಳು ಚೀಸ್ ತುರಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ಸಿಗ್ನೋರಾ, ಎರಡು ಗಂಟೆಗೆ ನಾನು ಬೇರೆ ಕಡೆ ಇರಬೇಕು," ಅಂದ.

"ಕೋಲು ನಿಲ್ಲಲಿ," ಅಂದಳು ನಜ್ಜರೇನಾ. ಹಂಡೆಯ ನಡುವೆ ತಿರುವುವ ಕೋಲು ತಾನಾಗಿ ನೆಟ್ಟಗೆ ನಿಲ್ಲುವವರೆಗೆ ಸುರಿಯುವುದಿಲ್ಲ. ಅವಸರ ಮಾಡಿದರೆ ಅಂಚಿನಿಂದ ಹರಿದು ಎಲ್ಲರ ತೊಡೆಯ ಮೇಲೆ ಬೀಳುತ್ತದೆ.

ಕೋಲು ನಿಂತಿತು. ಸುರಿದರು. ಗ್ವಾಲ್ತಿಯೆರೊ ಸುತ್ತ ತಿರುಗಿ ಫೋಟೋ ತೆಗೆದ. ಆಮೇಲೆ ತಲೆಭಾಗದಲ್ಲಿ ಖಾಲಿ ಉಳಿದ ಜಾಗದಲ್ಲಿ ಕೂತು ಅಂದ: "ನನಗೊಂದು ತಟ್ಟೆ ಕೊಡಿ. ಹೀಗೆ ಎಲ್ಲರೂ ಒಂದೇ ತೊಟ್ಟಿಗೆ ಬಾಯಿ ಹಾಕೋದು ನನಗಾಗಲ್ಲ."



"ಲೊರೆದಾನಾ, ತಟ್ಟೆ ಕೇಳ್ತಿದ್ದಾರೆ," ಅಂದಳು ನಜ್ಜರೇನಾ.

ಲೊರೆದಾನಾ ಎದ್ದಳು. ಕಪಾಟಿನ ಬಾಗಿಲ ಮೇಲೆ ಕೈ ಇಟ್ಟಳು. ಒಳಗೆ ಮೂವತ್ತು ಬಿಳಿ ತಟ್ಟೆಗಳಿದ್ದವು. ಕೈ ತೆಗೆದು ಹಿತ್ತಲಿಗೆ ಹೋದಳು. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿಸಿತು. ವಾಪಸು ಬಂದಾಗ ಕೈಯಲ್ಲಿ ನೀಲಿ ಅಂಚಿನ ತಟ್ಟೆ.

"ತೊಳ್ದಿದ್ದೀನಿ," ಅಂದಳು. "ಎರಡು ಸಲ."

"ಆಹಾ, ಹಳೇ ಕಾಲದ್ದು!" ಎಂದು ಗ್ವಾಲ್ತಿಯೆರೊ ಅದರದ್ದೂ ಒಂದು ಫೋಟೋ ತೆಗೆದ.

ನಜ್ಜರೇನಾ ಅವನಿಗೆ ಮೊದಲು ಬಡಿಸಿದಳು, ಎಲ್ಲಕ್ಕಿಂತ ಒಳ್ಳೆಯ ಸಾಸೇಜು ಹಾಕಿ. ತಾನು ಕೂತು ಫೋರ್ಕು ಕೆಳಗಿಟ್ಟಳು. ಗುಡ್ಡದ ಇಬ್ಬರು ಮುದುಕರಿಗೆ ಅರ್ಥವಾಯಿತು, ಅವರೂ ಇಟ್ಟರು. ಸೆತ್ತಿಮಿಯೊ ಇಟ್ಟ. ಕೊನೆಗೆ ಏನೂ ತಿಳಿಯದ ಪಟ್ಟಣದ ಗಂಡ ಹೆಂಡತಿಯೂ ಇಟ್ಟರು. ಹದಿಮೂರು ಜನ ಅವನ ಬಾಯಿ ನೋಡುತ್ತ ಕೂತರು.

"ನೀವೂ ತಿನ್ನಿ," ಅಂದ ಗ್ವಾಲ್ತಿಯೆರೊ.

"ನೀವು ಮುಗಿಸಿ. ತಟ್ಟೆಯವರ ಊಟ ಆದ ಮೇಲೆ ನಾವು."

"ತಣ್ಣಗಾಗುತ್ತಲ್ಲಾ?"

"ಆಗುತ್ತೆ. ನಮಗೆ ಅಭ್ಯಾಸ ಇದೆ."

ಅವನು ಅರ್ಧ ತಿಂದು ಗಡಿಯಾರ ನೋಡಿಕೊಂಡು ಎದ್ದ. ಬಾಗಿಲವರೆಗೆ ಯಾರೂ ಬರಲಿಲ್ಲ. ಕಾರು ಇಳಿಜಾರು ದಾಟಿದ ಮೇಲೆ ನಜ್ಜರೇನಾ "ಹ್ಞಾಂ" ಅಂದಳು. ತಣ್ಣಗಿನ ಪೊಲೆಂತಕ್ಕೆ ಎಲ್ಲರೂ ಮುಗಿಬಿದ್ದರು. ನಡುವಿನ ಸಾಸೇಜು ಮೊದಲು ಮುಟ್ಟಿದವಳು ಲೊರೆದಾನಾ.

ಬೇಸಿಗೆಗೆ ಬಸ್ಸು ಎದುರು ಗುಡ್ಡದ ಮನೆಗೆ ಹೋಯಿತು. ಅಡುಗೆಮನೆ ಕಿಟಕಿಯಿಂದ ಕಾಣುತ್ತದೆ. ಮೂರು ಕೋಣೆಗಳಲ್ಲಿ ಎರಡು ಆಗಾಗ ಖಾಲಿ ಇರುತ್ತವೆ, ಸೆತ್ತಿಮಿಯೊ ಇವತ್ತಿಗೂ ಗೊಣಗುತ್ತಾನೆ. ಪೆನ್ಸಿಲ್ ಗೆರೆಗಳನ್ನು ಲೊರೆದಾನಾ ಒದ್ದೆ ಬೂದಿಯಿಂದ ತಿಕ್ಕಿ ತೆಗೆದಳು. ಗರಗಸದ ಗಾಯಕ್ಕೆ ಮೇಣ ತುಂಬುತ್ತೇನೆಂದು ಸೆತ್ತಿಮಿಯೊ ಹೊರಟಾಗ ಮಾತ್ರ ನಜ್ಜರೇನಾ ಬಿಡಲಿಲ್ಲ. ಪ್ರತಿ ಭಾನುವಾರ ಆ ನಾಲ್ಕು ಬೆರಳಿನ ಸೀಳಿಗೆ ಪೊಲೆಂತ ಇಳಿದು ಗಟ್ಟಿಯಾಗುತ್ತದೆ. ಊಟವಾದ ಮೇಲೆ ಅವಳು ಮಗನ ಮುಂದೆ ಸಣ್ಣ ಚಾಕು ಇಡುತ್ತಾಳೆ.

"ಕೆರಿ," ಅನ್ನುತ್ತಾಳೆ. "ತಳದವರೆಗೂ."

ಅವನು ಕೆರೆಯುತ್ತಾನೆ.